ಸವಾರರು ಸವರಿದ ಕಾಡುದಾರಿ

ಅಮೆರಿಕದ ಮೊಂಟಾನಾ ರಾಜ್ಯದ ಕಾಡುಗಳಲ್ಲಿ ಬಿದ್ದ ಮರ ಕೊಯ್ದು, ಕೊಚ್ಚಿಹೋದ ದಾರಿಗೆ ಮಣ್ಣು ಹೊತ್ತು, ಅದಕ್ಕೆ ಬೇಕಾದ ಹಣವನ್ನೂ ತಾವೇ ಹೊಂದಿಸುತ್ತ ಬಂದವರು ಊರಿನ ಕುದುರೆ ಸವಾರರು. ಐವತ್ತು ವರ್ಷ ದಾಟಿದ ಈ ಶ್ರಮದಾನದಲ್ಲಿ ಕಲಿಯುವುದು ಬಹಳಷ್ಟಿದೆ. ಸರ್ಕಾರಗಳಿಗೊಂದು ಎಚ್ಚರಿಕೆಯೂ ಇದೆ.

ಉತ್ತರ ರಾಕಿ ಪರ್ವತಗಳಲ್ಲಿ ಹಿಮ ಕರಗುವ ಹೊತ್ತಿಗೆ ಕಾಡಿನ ದಾರಿಗಳು ಅಲ್ಲಲ್ಲಿ ಮುಚ್ಚಿಹೋಗಿರುತ್ತವೆ. ಚಳಿಗಾಲದ ಗಾಳಿಗೆ ಉರುಳಿದ ಪೈನ್, ಹಿಮದ ಭಾರಕ್ಕೆ ಮುರಿದ ಫರ್, ಯಾವುದೋ ಬೇಸಿಗೆಯ ಕಾಳ್ಗಿಚ್ಚಿನಲ್ಲಿ ಸುಟ್ಟು ನಿಂತಿದ್ದು ಈಗ ಬುಡಸಮೇತ ಮಗುಚಿದ ಸ್ಪ್ರೂಸ್ ಮರಗಳು ದಾರಿಗೆ ಅಡ್ಡ ಬಿದ್ದಿರುತ್ತವೆ. ಕಾಲ್ನಡಿಗೆಯವರು ಹೇಗೋ ಹತ್ತಿ ಇಳಿದಾರು, ಇಲ್ಲವೇ ಅಡಿಯಲ್ಲಿ ನುಸುಳಿಯಾರು. ಬೆನ್ನ ಮೇಲೆ ಹೇರು ಹೊತ್ತ ಕುದುರೆಗೆ ಅದು ಆಗದು. ಎದೆಮಟ್ಟದ ಒಂದೇ ಒಂದು ದಿಮ್ಮಿ ಸಾಕು, ಕುದುರೆಯ ಪಾಲಿಗೆ ದಾರಿ ಅಲ್ಲಿಗೆ ಮುಗಿಯಿತು. ಪಕ್ಕದ ಇಳಿಜಾರಿನಲ್ಲಿ ಬಳಸಿಕೊಂಡು ಹೋಗೋಣವೆಂದರೆ ಗೊರಸಿನಡಿ ಮಣ್ಣು ಜಾರುತ್ತದೆ. ನಾಲ್ಕು ಕುದುರೆ ಹಾಗೆ ಹೋದರೆ ಬೆಟ್ಟದ ಮೈಮೇಲೆ ಹೊಸದೊಂದು ಗಾಯ.

ಹೀಗಾಗಿ ಕಾಡುದಾರಿ ಹಾಳಾಗುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಸವಾರರಿಗೆ. ದಾರಿಯನ್ನು ಎಲ್ಲರಿಗಿಂತ ಹೆಚ್ಚು ಸವೆಸುವವರೂ ಅವರೇ. ಸುಮಾರು ಐನೂರು ಕಿಲೋ ತೂಗುವ ಪ್ರಾಣಿ ನಾಲ್ಕು ಗೊರಸುಗಳ ಮೇಲೆ ತನ್ನ ಭಾರವನ್ನಿಟ್ಟು ನಡೆಯುವಾಗ ತೇವದ ನೆಲ ಕಿತ್ತುಬರುತ್ತದೆ. ಈ ಎರಡು ಸತ್ಯಗಳನ್ನು ಒಟ್ಟಿಗೆ ಒಪ್ಪಿಕೊಂಡ ಕೆಲವರಿಂದ ಆರಂಭವಾದ ಕಥೆ ಇದು.

ಫ್ಲ್ಯಾಟ್‌ಹೆಡ್ ಕಣಿವೆಯ ಮೊದಲ ಹೆಜ್ಜೆ

ಮೊಂಟಾನಾದ ವಾಯವ್ಯಕ್ಕಿರುವ ಫ್ಲ್ಯಾಟ್‌ಹೆಡ್ ಕಣಿವೆಯಿಂದ ಹೊರಟರೆ ‘ಬಾಬ್ ಮಾರ್ಷಲ್ ವೈಲ್ಡರ್‌ನೆಸ್’ ದೂರವಲ್ಲ. ಸುಮಾರು 10 ಲಕ್ಷ ಎಕರೆಯ ಈ ಕಾಡಿನಲ್ಲಿ ವಾಹನ ಓಡುವ ರಸ್ತೆ ಇಲ್ಲ. ಅಕ್ಕಪಕ್ಕದ ಗ್ರೇಟ್ ಬೇರ್ ಮತ್ತು ಸ್ಕೇಪ್‌ಗೋಟ್ ಪ್ರದೇಶಗಳನ್ನು ಸೇರಿಸಿದರೆ ವಿಸ್ತಾರ 15 ಲಕ್ಷ ಎಕರೆ ಮೀರುತ್ತದೆ. ಒಳಗೆ ಹೋಗಲು ಇರುವುದು ಎರಡೇ ಉಪಾಯ, ಸ್ವಂತ ಕಾಲು ಇಲ್ಲವೇ ಕುದುರೆಯ ಕಾಲು. ಈ ಕಾಡಿಗೆ ಹೆಸರು ಕೊಟ್ಟ ಬಾಬ್ ಮಾರ್ಷಲ್ ಅರಣ್ಯಶಾಸ್ತ್ರಜ್ಞ. 1935ರಲ್ಲಿ ವೈಲ್ಡರ್‌ನೆಸ್ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು. 1939ರಲ್ಲಿ, ಇನ್ನೂ 38ರ ಹರೆಯದಲ್ಲೇ, ತೀರಿಕೊಂಡರು.

1970ರ ದಶಕದ ಆರಂಭದ ಹೊತ್ತಿಗೆ ಇಂಥ ಕಾಡುಗಳಿಗೆ ಬರುವವರ ಸಂಖ್ಯೆ ಏರಿತ್ತು. ಸವಾರರ ಬೀಡುಗಳ ಸುತ್ತ ಹುಲ್ಲು ನೆಲಕಚ್ಚಿತ್ತು. ರಾತ್ರಿಯಿಡೀ ಮರಕ್ಕೆ ಕಟ್ಟಿದ ಕುದುರೆಗಳು ನೆಲ ಕೆರೆದು ಬೇರುಗಳನ್ನು ಬಯಲಿಗೆ ತಂದಿದ್ದವು. ಕುದುರೆಗಳಿಗೆ ಕಡಿವಾಣ ಹಾಕಬೇಕೆಂಬ ಮಾತು ಬಲವಾಗತೊಡಗಿತು. ಅಜ್ಜನ ಕಾಲದಿಂದ ಓಡಾಡಿದ ಹಾದಿ ತಮಗೆ ಮುಚ್ಚಿಹೋಗಬಹುದು ಎನಿಸಿದಾಗ ಸಿಟ್ಟು ಬರುವುದು ಸಹಜ. ಆದರೆ 1973ರಲ್ಲಿ ಒಟ್ಟುಗೂಡಿದ ಫ್ಲ್ಯಾಟ್‌ಹೆಡ್‌ನ ಸವಾರರು ಹಿಡಿದದ್ದು ಬೇರೆ ದಾರಿ. ತಪ್ಪು ನಮ್ಮ ಕಡೆಯೂ ಇದೆ, ಮೊದಲು ಅದನ್ನು ತಿದ್ದಿಕೊಳ್ಳೋಣ, ಜೊತೆಗೆ ದಾರಿಯ ಕೆಲಸಕ್ಕೆ ಕೈಹಾಕೋಣ ಎಂಬುದು ಅವರ ನಿಲುವು. ‘ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್’ ಎಂಬ ಸಂಘ ಹುಟ್ಟಿತು. ಕಾಡಿನಲ್ಲಿ ಕುದುರೆಯೊಂದಿಗೆ ಹೇಗಿರಬೇಕು ಎಂಬ ಕೈಪಿಡಿಯನ್ನು ಸಂಘದವರೇ ಸಿದ್ಧಪಡಿಸಿದರು. ಪಕ್ಕದ ಐಡಹೊಗೂ ವಾಷಿಂಗ್ಟನ್, ಕ್ಯಾಲಿಫೋರ್ನಿಯಾಗಳಿಗೂ ಹಬ್ಬಿದ ಸಂಘ ಮುಂದೆ ಪೂರ್ವದ ಅಪಲೇಚಿಯನ್ ಬೆಟ್ಟಗಳವರೆಗೂ ತಲುಪಿತು.

ಇದರ ಫಲ ಸವಾರರಿಗಷ್ಟೇ ಸಿಗುತ್ತಿಲ್ಲ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿ.ಮೀ. ಸಾಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆಯುವವರಿಗೂ ಸವಾರರಿಗೂ ಸೇರಿದ ಹಾದಿ. ಸಿಯಾಟಲ್ ಸುತ್ತಮುತ್ತ ನೆಲೆಸಿದ ಕನ್ನಡದ ಕುಟುಂಬಗಳು ಬೇಸಿಗೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಕಾಸ್ಕೇಡ್ ಬೆಟ್ಟಗಳಲ್ಲೂ ದಾರಿ ಬಿಡಿಸುವವರ ಸಾಲಿನಲ್ಲಿ ಈ ಸಂಘದವರಿದ್ದಾರೆ.

ಯಂತ್ರವಿಲ್ಲದ ಕಾಯಕ

ಬಿದ್ದ ಮರ ಕೊಯ್ಯಲು ಮೋಟಾರು ಗರಗಸ ಇದೆಯಲ್ಲ, ಇಷ್ಟೊಂದು ಪಾಡೇಕೆ ಎಂದು ಯಾರಿಗಾದರೂ ಅನಿಸಬಹುದು. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವೈಲ್ಡರ್‌ನೆಸ್ ಕಾಯ್ದೆ, ‘ವೈಲ್ಡರ್‌ನೆಸ್’ ಎಂದು ಘೋಷಿತವಾದ ಕಾಡುಗಳಲ್ಲಿ ಮೋಟಾರು ವಾಹನ, ಮೋಟಾರು ಉಪಕರಣ, ಯಾಂತ್ರಿಕ ಸಾರಿಗೆ ಎಲ್ಲವನ್ನೂ ನಿಷೇಧಿಸುತ್ತದೆ. ತೀರಾ ಅನಿವಾರ್ಯವಾದಾಗ ಅರಣ್ಯಾಡಳಿತಕ್ಕೆ ಒಂದಿಷ್ಟು ವಿನಾಯಿತಿ ಇದೆ, ಅಷ್ಟೇ. ಸಾಮಾನ್ಯ ದಿನಗಳಲ್ಲಿ ಕೈಗರಗಸ, ಕೊಡಲಿ, ಗುದ್ದಲಿಗಳೇ ಗತಿ.

ಇಬ್ಬರು ಎಳೆಯುವ ಉದ್ದ ಗರಗಸ ಮಲೆನಾಡಿನ ಹಳಬರಿಗೆ ಹೊಸದಲ್ಲ. ಅದರ ಮೊದಲ ಪಾಠ: ಎಳೆಯಬೇಕು, ಎಂದೂ ದೂಡಬಾರದು. ದೂಡಿದರೆ ಅಲಗು ಬಾಗುತ್ತದೆ, ಎದುರಿನವನ ಲಯ ಕೆಡುತ್ತದೆ. ಈ ಗರಗಸಕ್ಕೆ ಎರಡು ಬಗೆಯ ಹಲ್ಲುಗಳಿವೆ. ಕೆಲವು ಮರದ ನಾರನ್ನು ಎರಡು ಬದಿಯಲ್ಲಿ ಕತ್ತರಿಸುತ್ತವೆ. ಅವುಗಳ ನಡುವಿನ ತುಸು ಗಿಡ್ಡ ಹಲ್ಲುಗಳು ಕತ್ತರಿಸಿದ ನಾರನ್ನು ಕೆರೆದು ಹೊರಗೆ ತರುತ್ತವೆ. ಹರಿತ ಸರಿಯಿದ್ದರೆ ಹೊರಬೀಳುವುದು ಪುಡಿಯಲ್ಲ, ಶಾವಿಗೆಯಂಥ ಉದ್ದನೆಯ ಎಳೆಗಳು.

ಹಿಂದಿನ ತಲೆಮಾರಿನ ಕಾರ್ಖಾನೆಗಳು ತಯಾರಿಸಿದ ಹಳೆಯ ಗರಗಸಗಳನ್ನು ಇಂದಿಗೂ ಬಲ್ಲವರು ಹುಡುಕಿ ಕೊಳ್ಳುತ್ತಾರೆ. ಅವುಗಳ ಅಲಗು ಹಲ್ಲಿನ ಕಡೆ ದಪ್ಪ, ಬೆನ್ನಿನ ಕಡೆ ತೆಳು. ಹಾಗಾಗಿ ಕೊಯ್ತದಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಹಲ್ಲಿಗೆ ಅರ ಹಾಕುವ ವಿದ್ಯೆ ಮಾತ್ರ ಕೆಲವೇ ಜನರ ಕೈಯಲ್ಲಿ ಉಳಿದಿತ್ತು. ಐಡಹೊದ ಕಾಡಿನಲ್ಲಿ ದುಡಿದ ವಾರನ್ ಮಿಲ್ಲರ್ 1977ರಲ್ಲಿ, ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಅಮೆರಿಕದ ಅರಣ್ಯ ಸೇವೆ ಇಲಾಖೆಗಾಗಿ ಬರೆದ ಗರಗಸದ ಕೈಪಿಡಿ ಆ ವಿದ್ಯೆ ಅಳಿಯದಂತೆ ನೋಡಿಕೊಂಡಿತು. ಈಗಲೂ ಕಲಿಯುವವರಿಗೆ ಅದೇ ಆಧಾರ.

ಗರಗಸ ಎಳೆಯುವುದಕ್ಕಿಂತ ಕಷ್ಟದ್ದು ಮರವನ್ನು ಓದುವುದು. ಎರಡು ದಿಬ್ಬಗಳ ನಡುವೆ ಸೇತುವೆಯಂತೆ ಬಿದ್ದ ಮರದ ಮೇಲ್ಭಾಗ ಒತ್ತಡದಲ್ಲಿರುತ್ತದೆ, ಕೆಳಭಾಗ ಬಿಗಿದಿರುತ್ತದೆ. ಮೇಲಿನಿಂದ ಕೊಯ್ಯುತ್ತ ಹೋದರೆ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಬೆಣೆ ಬಡಿದು ಸೀಳನ್ನು ತೆರೆದಿಡಬೇಕು. ಇಳಿಜಾರಿನಲ್ಲಿದ್ದರೆ, ತುಂಡಾದ ಕ್ಷಣ ದಿಮ್ಮಿ ಎತ್ತ ಉರುಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ನಿಲ್ಲಬೇಕು. ಲೆಕ್ಕ ತಪ್ಪಿದರೆ ಜೀವಕ್ಕೇ ಅಪಾಯ. ಅದಕ್ಕೇ ರಾಷ್ಟ್ರೀಯ ಅರಣ್ಯದಲ್ಲಿ ಗರಗಸ ಹಿಡಿಯುವ ಸ್ವಯಂಸೇವಕರು ತರಬೇತಿ ಪಡೆದು ಅರ್ಹತಾಪತ್ರ ಗಳಿಸಿರಬೇಕು ಎಂಬ ನಿಯಮವಿದೆ.

ಗರಗಸದ ಜೊತೆಗಾರ ಪುಲಾಸ್ಕಿ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿಯಿರುವ ಉಪಕರಣ. 1910ರ ಆಗಸ್ಟಿನಲ್ಲಿ ಐಡಹೊ, ಮೊಂಟಾನಾಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡನ್ನು ನುಂಗಿದ ಬೆಂಕಿಯ ನಡುವೆ ತನ್ನ ಕೆಲಸಗಾರರನ್ನು ಗಣಿಯೊಂದರ ಸುರಂಗಕ್ಕೆ ನುಗ್ಗಿಸಿ ಬಹುಪಾಲು ಜನರನ್ನು ಉಳಿಸಿದ ಅರಣ್ಯಾಧಿಕಾರಿ ಎಡ್ ಪುಲಾಸ್ಕಿಯ ಹೆಸರು ಅದಕ್ಕಂಟಿಕೊಂಡಿದೆ.

ಹೇರು ಹೊರುವ ಹೇಸರಗತ್ತೆಗಳು

ರಸ್ತೆಯಿಲ್ಲದ ಕಾಡಿಗೆ ಸೇತುವೆಯ ತೊಲೆ, ಜಲ್ಲಿ, ಮೊಳೆ, ಹತ್ತು ದಿನದ ಅಡುಗೆ ಸಾಮಾನು ಹೋಗುವುದು ಹೇಗೆ? ಇಲ್ಲಿಯೇ ಸವಾರರ ಸಂಘಕ್ಕೆ ಬೇರೆ ಯಾವ ಸಂಸ್ಥೆಗೂ ಇಲ್ಲದ ಬೆಲೆ. ಅವರಲ್ಲಿ ಹೇಸರಗತ್ತೆಗಳಿವೆ, ಹೇರು ಕಟ್ಟುವ ವಿದ್ಯೆಯಿದೆ.

ಒಂದು ಹೇಸರಗತ್ತೆ ಸುಮಾರು 70 ಕಿಲೋ ಹೊರುತ್ತದೆ. ಎರಡೂ ಬದಿಯ ಭಾರ ಸಮವಾಗಿರಬೇಕು. ತಕ್ಕಡಿಯಲ್ಲಿ ತೂಗಿಯೇ ಕಟ್ಟುತ್ತಾರೆ. ಒಂದು ಬದಿಗೆ ವಾಲಿದ ಹೇರು ತಡಿಯನ್ನು ಜಗ್ಗಿ ಪ್ರಾಣಿಯ ಬೆನ್ನು ಹುಣ್ಣಾಗಿಸುತ್ತದೆ. ಬೆನ್ನು ಹುಣ್ಣಾದ ಪ್ರಾಣಿಯಿಂದ ಮತ್ತೆ ಆ ಬೇಸಿಗೆ ಕೆಲಸವಿಲ್ಲ. ಸಾಮಾನನ್ನು ದಪ್ಪ ಕ್ಯಾನ್ವಾಸಿನಲ್ಲಿ ಸುತ್ತಿ ಹಗ್ಗ ಬಿಗಿದು ತಡಿಯ ಎರಡು ಕಡೆ ತೂಗುಹಾಕುತ್ತಾರೆ. ಒಂದರ ಹಿಂದೊಂದು ಸಾಲಾಗಿ ನಡೆಯುವ ಹೇಸರಗತ್ತೆಗಳನ್ನು ಜೋಡಿಸುವ ಕಡೆ ಮಾತ್ರ ಬೇಕೆಂದೇ ತೆಳು ಹಗ್ಗ ಇಡುತ್ತಾರೆ. ಕಡಿದಾದ ಅಂಚಿನಲ್ಲಿ ಒಂದು ಜಾರಿದರೆ ಆ ಹಗ್ಗ ಕಡಿದುಹೋಗಬೇಕು, ಇಡೀ ಸಾಲು ಕಂದಕಕ್ಕೆ ಉರುಳಬಾರದು. ದಾರಿಗೆ ಹಾಕುವ ಮಣ್ಣು, ಜಲ್ಲಿ ಒಯ್ಯಲು ತಳ ತೆರೆದುಕೊಳ್ಳುವ ಚೀಲಗಳಿವೆ. ಬೇಕಾದ ಜಾಗದಲ್ಲಿ ನಿಲ್ಲಿಸಿ ಬಿಚ್ಚಿದರೆ ಹೊತ್ತದ್ದೆಲ್ಲ ದಾರಿಯ ಮೇಲೇ ಸುರಿಯುತ್ತದೆ.

ಹಾಗೆ ತಂದ ಮಣ್ಣು ಉಳಿಯಬೇಕಾದರೆ ನೀರನ್ನು ಗೆಲ್ಲಬೇಕು. ಕಾಡುದಾರಿಯ ದೊಡ್ಡ ಶತ್ರು ಮರವಲ್ಲ, ಮಳೆಯ ನೀರು. ಗೊರಸು ಸಡಿಲಿಸಿದ ಮಣ್ಣಿನ ಮೇಲೆ ನೀರು ದಾರಿಗುಂಟವೇ ಹರಿದರೆ ಕೆಲವೇ ವರ್ಷಗಳಲ್ಲಿ ದಾರಿ ಕೊರಕಲಾಗುತ್ತದೆ. ಆದ್ದರಿಂದ ದಾರಿಯನ್ನು ಇಳಿಜಾರಿನ ಹೊರಮಗ್ಗುಲಿಗೆ ಕೊಂಚ ಓರೆ ಮಾಡುತ್ತಾರೆ. ಅಲ್ಲಲ್ಲಿ ದಿಮ್ಮಿಯನ್ನೋ ಕಲ್ಲಿನ ಸಾಲನ್ನೋ ಅಡ್ಡಡ್ಡ ಓರೆಯಾಗಿ ಹೂತು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಜೌಗು ನೆಲದಲ್ಲಿ ಮರದ ಅಟ್ಟಣಿಗೆ ಹಾಕುತ್ತಾರೆ. ಹೇರು ಹೊತ್ತ ಪ್ರಾಣಿ ಎಲ್ಲೂ ತಾಗದೆ ಸಾಗಲು ಅಗಲಕ್ಕೆ ಎಂಟು ಅಡಿ, ಎತ್ತರಕ್ಕೆ ಹತ್ತು ಅಡಿಯಷ್ಟು ಕೊಂಬೆ ಸವರಿರಬೇಕು. ಇದೆಲ್ಲ ಒಮ್ಮೆ ಮಾಡಿ ಬಿಡುವ ಕೆಲಸವಲ್ಲ. ಪ್ರತಿ ಬೇಸಿಗೆ ಮತ್ತೆ ಅದೇ ಚರಂಡಿಯ ಹೂಳೆತ್ತಬೇಕು, ಅದೇ ತಿರುವಿನಲ್ಲಿ ಬಿದ್ದ ಹೊಸ ಮರ ಕೊಯ್ಯಬೇಕು.

ಕಾಸು ಎಲ್ಲಿಂದ?

2013ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ ಒಂದು ವರದಿ ಕೊಟ್ಟಿತು. ಅರಣ್ಯ ಸೇವೆಯ ಸುಪರ್ದಿನಲ್ಲಿ ಆಗ ಇದ್ದ ಕಾಡುದಾರಿಗಳ ಉದ್ದ 1,58,000 ಮೈಲಿ, ಅಂದರೆ ಎರಡೂವರೆ ಲಕ್ಷ ಕಿಲೋಮೀಟರಿಗೂ ಮೇಲೆ. 2012ರ ಹಣಕಾಸು ವರ್ಷದಲ್ಲಿ ಅದರಲ್ಲಿ ಒಂದಿಷ್ಟಾದರೂ ದುರಸ್ತಿ ಕಂಡದ್ದು ಶೇ 37ರಷ್ಟು. ಇಲಾಖೆಯದೇ ಮಾನದಂಡದಂತೆ ಸುಸ್ಥಿತಿಯಲ್ಲಿದ್ದದ್ದು ಸುಮಾರು ಕಾಲು ಭಾಗ. ಬಾಕಿ ಉಳಿದ ದುರಸ್ತಿಯ ಅಂದಾಜು ವೆಚ್ಚ 31.4 ಕೋಟಿ ಡಾಲರ್. ಇದಕ್ಕೆ ಒಂದು ಕಾರಣ ಕಾಳ್ಗಿಚ್ಚು. 1995ರಲ್ಲಿ ಅರಣ್ಯ ಸೇವೆಯ ಬಜೆಟ್ಟಿನಲ್ಲಿ ಬೆಂಕಿಯ ಪಾಲು ಶೇ 16 ಇತ್ತು. 2015ರಲ್ಲಿ ಅದು ಅರ್ಧವನ್ನು ದಾಟಿತು. ಬೆಂಕಿ ಆರಿಸಲು ಹೋದ ಹಣ ದಾರಿಗೆ ಬರಲಿಲ್ಲ. ಬೆಂಕಿಯಲ್ಲಿ ಬೆಂದ ಮರಗಳು, ತೊಗಟೆ ಕೊರೆಯುವ ಜೀರುಂಡೆಗೆ ಬಲಿಯಾದ ಪೈನ್ ಮರಗಳು ಒಂದೊಂದಾಗಿ ಬೀಳುತ್ತ ಕೆಲಸವನ್ನು ಮಾತ್ರ ಹೆಚ್ಚಿಸಿದವು.

ಈ ಕೊರತೆಯನ್ನು ಊರಿನ ಸಂಘಗಳು ತುಂಬುವ ಬಗೆ ಸರಳ. ಸದಸ್ಯರು ವರ್ಷದ ವಂತಿಗೆ ಕೊಡುತ್ತಾರೆ. ಚಳಿಗಾಲದಲ್ಲಿ ಊಟದ ಕೂಟ ಏರ್ಪಡಿಸಿ ದಾನ ಬಂದ ವಸ್ತುಗಳನ್ನು ಹರಾಜು ಹಾಕುತ್ತಾರೆ. ಸಣ್ಣಪುಟ್ಟ ಅನುದಾನಗಳಿಗೆ ಅರ್ಜಿ ಬರೆಯುತ್ತಾರೆ. ಲೆಕ್ಕದ ಪುಸ್ತಕಕ್ಕೆ ಬಾರದ ಖರ್ಚು ಇದಕ್ಕಿಂತ ದೊಡ್ಡದು. ಕುದುರೆ ಅವರದೇ, ಮೇವು ಅವರದೇ. ಕುದುರೆ ಸಾಗಿಸುವ ಬಂಡಿ, ಅದಕ್ಕೆ ಸುರಿಯುವ ಡೀಸೆಲ್, ಲಾಳ ಕಟ್ಟುವವನ ಕೂಲಿ, ಎಲ್ಲವೂ ಸ್ವಂತ ಜೇಬಿನಿಂದಲೇ.

ದುಡಿದ ಪ್ರತಿ ಗಂಟೆಯನ್ನೂ ಅವರು ಶಿಸ್ತಿನಿಂದ ಬರೆದಿಡುತ್ತಾರೆ. ಇದು ಹೆಮ್ಮೆಗಾಗಿ ಅಲ್ಲ. 1991ರಲ್ಲಿ ಶುರುವಾದ ರಿಕ್ರಿಯೇಷನಲ್ ಟ್ರೇಲ್ಸ್ ಕಾರ್ಯಕ್ರಮದಂಥ ಅನುದಾನಗಳಲ್ಲಿ ಸ್ಥಳೀಯರೂ ವೆಚ್ಚದ ಒಂದು ಪಾಲನ್ನು ಹಾಕಬೇಕು. ಸ್ವಯಂಸೇವಕರ ದುಡಿಮೆಗೆ ಬೆಲೆ ಕಟ್ಟಿ ಅದನ್ನೇ ಆ ಪಾಲೆಂದು ತೋರಿಸಲು ಅವಕಾಶವಿದೆ. ಗರಗಸ ಎಳೆದ ಮಧ್ಯಾಹ್ನ ಹೀಗೆ ಸೇತುವೆಯ ಹಣವಾಗುತ್ತದೆ. ಈ ಕಾರ್ಯಕ್ರಮದ ಮೂಲಧನವೂ ಗಮನಿಸತಕ್ಕದ್ದು. ರಸ್ತೆ ಬಿಟ್ಟು ಓಡುವ ಮೋಜಿನ ವಾಹನಗಳು ಸುಡುವ ಇಂಧನದ ತೆರಿಗೆಯ ಲೆಕ್ಕದಲ್ಲಿ ಬರುವ ಹಣವದು.

ಕಾನೂನಿನ ಅಂಗಳದಲ್ಲೂ ಸಂಘ ಸುಮ್ಮನಿರಲಿಲ್ಲ. ವೈಲ್ಡರ್‌ನೆಸ್ ಸೊಸೈಟಿಯಂಥ ಪರಿಸರ ಸಂಸ್ಥೆಯೊಂದಿಗೆ ಕೈಜೋಡಿಸಿ ಒತ್ತಾಯಿಸಿದ ರಾಷ್ಟ್ರೀಯ ಅರಣ್ಯ ದಾರಿಗಳ ಮಸೂದೆ 2016ರ ನವೆಂಬರಿನಲ್ಲಿ ಕಾಯ್ದೆಯಾಯಿತು. ಐದು ವರ್ಷಗಳಲ್ಲಿ ಸ್ವಯಂಸೇವಕರ ಮತ್ತು ಪಾಲುದಾರ ಸಂಸ್ಥೆಗಳ ಕೆಲಸವನ್ನು ಇಮ್ಮಡಿಗೊಳಿಸಲು ಯೋಜನೆ ರೂಪಿಸಬೇಕೆಂದು ಅದು ಅರಣ್ಯ ಸೇವೆಗೆ ಹೇಳಿತು. 2020ರ ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಕಾಯ್ದೆ, ಐದು ವರ್ಷಗಳ ಕಾಲ ವರ್ಷಕ್ಕೆ 190 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಭೂಮಿಗಳ ಬಾಕಿ ದುರಸ್ತಿಗೆ ತೆಗೆದಿಟ್ಟಿತು. ಅದರಲ್ಲಿ ಅರಣ್ಯ ಸೇವೆಯ ಪಾಲು ಶೇ 15.

ಕಾಡಿನಲ್ಲಿ ಸವಾರರ ನಡವಳಿಕೆ

• ಕುದುರೆಯನ್ನು ನೇರ ಮರಕ್ಕೆ ಕಟ್ಟಿ ರಾತ್ರಿ ಕಳೆಯುವಂತಿಲ್ಲ. ಎರಡು ಮರಗಳ ನಡುವೆ ಎತ್ತರದಲ್ಲಿ ಹಗ್ಗ ಬಿಗಿದು ಅದಕ್ಕೆ ಕಟ್ಟಬೇಕು. ತೊಗಟೆಗೆ ಹಗ್ಗ ತಾಗದಂತೆ ಅಗಲ ಪಟ್ಟಿ ಸುತ್ತಬೇಕು.

• ಕಳೆಬೀಜ ಇಲ್ಲವೆಂದು ಪ್ರಮಾಣೀಕರಿಸಿದ ಒಣಹುಲ್ಲನ್ನೇ ಒಯ್ಯಬೇಕು. ಹೊರಗಿನ ಕಳೆ ಕಾಡು ಹೊಕ್ಕರೆ ಕಿತ್ತು ತೀರದು.

• ಬೀಡು, ಕುದುರೆ ಕಟ್ಟುವ ಜಾಗ ನೀರಿನಿಂದ ದೂರವಿರಬೇಕು. ಹೊರಡುವ ಮುನ್ನ ಲದ್ದಿ ಹರಡಿ, ಗೊರಸು ಕೆರೆದ ಗುಂಡಿ ಮುಚ್ಚಬೇಕು.

• ನೆಲ ಹಸಿಯಾಗಿರುವಾಗ ಪ್ರಯಾಣ ಮುಂದೂಡುವುದೇ ಲೇಸು. ಕೆಸರು ದಾರಿಯಲ್ಲಿ ಒಂದು ದಿನದ ಸವಾರಿ ಒಂದು ವಾರದ ದುರಸ್ತಿಯನ್ನು ಬೇಡುತ್ತದೆ.

ಜರ್ಮನಿಯ ಫಲಕ, ಇಂಗ್ಲೆಂಡಿನ ಹಕ್ಕು

ಬೆವರಿನಲ್ಲಿ ಸಲ್ಲಿಸುವ ಈ ಬಾಬ್ತನ್ನು ಬೇರೆ ನಾಡುಗಳು ಬೇರೆ ರೀತಿ ನಿಭಾಯಿಸಿವೆ. ಜರ್ಮನಿಯ ನಾರ್ಥ್‌ರೈನ್–ವೆಸ್ಟ್‌ಫಾಲಿಯಾ ರಾಜ್ಯದಲ್ಲಿ ರೂಢಿಗೆ ಬಂದ ಪದ್ಧತಿಯಂತೆ ಬಯಲಿನಲ್ಲಿ, ಕಾಡಿನಲ್ಲಿ ಓಡಾಡುವ ಸವಾರಿ ಕುದುರೆಯ ಎರಡೂ ಬದಿಗೆ ಸಂಖ್ಯಾಫಲಕ ಇರಬೇಕು. ಅದಕ್ಕೆ ವರ್ಷದ ಶುಲ್ಕ ಕಟ್ಟಿದ ಗುರುತಿನ ಚೀಟಿ ಅಂಟಿರಬೇಕು. ಈ ಶುಲ್ಕದ ಹಣವನ್ನು ಸವಾರಿ ದಾರಿಗಳನ್ನು ಮಾಡಲು, ನೋಡಿಕೊಳ್ಳಲು, ಸವಾರಿಯಿಂದಾದ ಹಾನಿ ತುಂಬಿಕೊಡಲು ಮಾತ್ರ ಬಳಸಬೇಕೆಂದು ಕಾನೂನೇ ಗೆರೆ ಎಳೆದಿದೆ. ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಸ್ಪಷ್ಟವಿದ್ದರೆ ಕೊಡುವ ಕೈ ಹಿಂಜರಿಯುವುದಿಲ್ಲ.

ಇಂಗ್ಲೆಂಡಿನಲ್ಲಿ ಸವಾರಿ ದಾರಿ ಶಾಸನಬದ್ಧ ಹಕ್ಕು. 1949ರ ಕಾಯ್ದೆಯ ನಂತರ ತಯಾರಾದ ಅಧಿಕೃತ ನಕ್ಷೆಗಳಲ್ಲಿ ‘ಬ್ರೈಡಲ್‌ವೇ’ ಎಂದು ಗುರುತಾದ ದಾರಿಯಲ್ಲಿ ಸವಾರನನ್ನು ಯಾರೂ ತಡೆಯುವಂತಿಲ್ಲ. ಅದರ ನೆಲವನ್ನು ಸುಸ್ಥಿತಿಯಲ್ಲಿಡುವ ಹೊಣೆ ಸ್ಥಳೀಯ ಹೆದ್ದಾರಿ ಪ್ರಾಧಿಕಾರದ್ದು. ಆದರೂ ಕಾಗದದ ಹಕ್ಕು ನೆಲದ ಮೇಲೆ ತಾನಾಗಿ ಇಳಿಯುವುದಿಲ್ಲ. 1986ರಲ್ಲಿ ಮೇರಿ ಟೌನ್ಲಿ ಎಂಬ ಸವಾರಗಿತ್ತಿ ಇಬ್ಬರು ಗೆಳತಿಯರೊಂದಿಗೆ ಉತ್ತರದ ಕೋರ್‌ಬ್ರಿಡ್ಜ್‌ನಿಂದ ಡರ್ಬಿಶೈರಿನ ಆ್ಯಶ್‌ಬೋರ್ನ್‌ವರೆಗೆ ಸುಮಾರು 400 ಕಿ.ಮೀ. ಕುದುರೆಯಲ್ಲಿ ಸಾಗಿ, ಸವಾರಿ ದಾರಿಗಳು ಎಷ್ಟು ಕೆಟ್ಟಿವೆ ಎಂಬುದನ್ನು ನಾಡಿಗೆ ತೋರಿಸಿದರು. ಆ ಪ್ರಯಾಣದ ಪ್ರೇರಣೆಯಿಂದ ಪೆನ್ನೈನ್ ಬ್ರೈಡಲ್‌ವೇ ಎಂಬ ರಾಷ್ಟ್ರೀಯ ಹಾದಿ ರೂಪುಗೊಂಡಿತು. ಅದರಲ್ಲಿ 75 ಕಿ.ಮೀ. ಉದ್ದದ ಸುತ್ತುದಾರಿಗೆ ಅವರ ಹೆಸರನ್ನೇ ಇಡಲಾಗಿದೆ. ಅದು 2002ರಲ್ಲಿ ತೆರೆಯುವ ಒಂದು ವರ್ಷ ಮುಂಚೆ ಮೇರಿ ತೀರಿಕೊಂಡಿದ್ದರು.

ದಾನಕ್ಕೂ ಮಿತಿಯಿದೆ

ಮೊಂಟಾನಾ, ಜರ್ಮನಿ ಎರಡೂ ಕಡೆ ಒಂದು ಮಾತು ಸಮಾನ. ದಾರಿಯ ಮೇಲೆ ಹಕ್ಕು ಬೇಕೆಂದವರು ಅದರ ಸವಕಳಿಯ ಹೊಣೆಯನ್ನೂ ಹೊತ್ತಿದ್ದಾರೆ. ಮೊಂಟಾನಾದ ಸವಾರರನ್ನು ನಾನು ಮೆಚ್ಚುವುದು ಇದಕ್ಕಾಗಿ. ತಾವು ಬಿಡಿಸಿದ ದಾರಿಗೆ ಅವರು ಬಾಗಿಲು ಹಾಕಲಿಲ್ಲ, ಸುಂಕ ಕೇಳಲಿಲ್ಲ. ಲದ್ದಿ, ಕೆಸರಿನ ಬಗ್ಗೆ ದೂರುವ ಚಾರಣಿಗರೂ ಅದೇ ದಾರಿಯಲ್ಲಿ ನಡೆಯುತ್ತಾರೆ.

ಆದರೆ ಈ ಔದಾರ್ಯವನ್ನು ಸರ್ಕಾರಗಳು ಕೈಚೆಲ್ಲಲು ನೆಪ ಮಾಡಿಕೊಳ್ಳಬಾರದು. ಸ್ವಯಂಸೇವಕರಿಗೆ ತರಬೇತಿ ಕೊಡುವುದು, ಎಲ್ಲಿ ಏನು ಆಗಬೇಕೆಂದು ನಿರ್ಧರಿಸುವುದು, ಸುರಕ್ಷತೆ ನೋಡುವುದು ಸಂಬಳದ ಸಿಬ್ಬಂದಿಯೇ ಮಾಡಬೇಕಾದ ಕೆಲಸ. ಅದಕ್ಕೆ ಅವರ ಸಮಯವೂ ಖರ್ಚಾಗುತ್ತದೆ ಎಂಬುದನ್ನು 2013ರ ವರದಿಯೇ ಹೇಳಿತ್ತು. 2025ರ ಫೆಬ್ರುವರಿಯಲ್ಲಿ ಅರಣ್ಯ ಸೇವೆಯ ಸಾವಿರಾರು ಪ್ರೊಬೇಷನರಿ ನೌಕರರನ್ನು ತೆಗೆಯುವ ಆದೇಶ ಹೊರಟಾಗ ಅವರಲ್ಲಿ ದಾರಿ ಕೆಲಸದವರೂ ಇದ್ದರು. ಬಳಿಕ ಕಾನೂನು ಹೋರಾಟ ನಡೆಯಿತು, ಹಲವರಿಗೆ ಮತ್ತೆ ಕೆಲಸವೂ ಸಿಕ್ಕಿತು. ಆದರೆ ಗರಗಸ ಹಿಡಿಯಲು ಕಲಿಸುವ ಕೈಯನ್ನೇ ಕಳುಹಿಸಿಬಿಟ್ಟರೆ ಸಾಲಾಗಿ ಬಂದು ನಿಂತ ಸ್ವಯಂಸೇವಕರಿಂದ ಏನಾದೀತು? ಐವತ್ತು ವರ್ಷಗಳ ಹಿಂದೆ ಸೇರಿದವರಿಗೆ ವಯಸ್ಸಾಗಿದೆ. ಕುದುರೆ ಸಾಕುವ ಖರ್ಚು ಏರಿದೆ. ಹೇರು ಕಟ್ಟುವ, ಅರ ಹಾಕುವ ವಿದ್ಯೆ ಒಂದು ತಲೆಮಾರು ತಪ್ಪಿದರೆ ಮತ್ತೆ ಪುಸ್ತಕದಿಂದ ಪೂರ್ತಿ ಕಲಿಯಲಾಗದು.

ಆದ್ದರಿಂದ ಕೇಳಬೇಕಾದದ್ದು ಎರಡೂ ಕಡೆಗೆ. ಸರ್ಕಾರ ದಾರಿಯ ಹಣವನ್ನು ಬೆಂಕಿಯ ಹಣದಿಂದ ಬೇರ್ಪಡಿಸಿ ವರ್ಷ ವರ್ಷ ತಪ್ಪದೆ ಕೊಡಲಿ, ಕಲಿಸುವ ಸಿಬ್ಬಂದಿಯನ್ನು ಉಳಿಸಿಕೊಳ್ಳಲಿ. ದಾರಿ ಬಳಸುವ ಸವಾರರಾಗಲಿ ಚಾರಣಿಗರಾಗಲಿ ವರ್ಷಕ್ಕೊಮ್ಮೆಯಾದರೂ ಗುದ್ದಲಿ ಹಿಡಿಯಲಿ, ಆಗದವರು ಹಣ ಕೊಡಲಿ. 1973ರಲ್ಲಿ ಒಂದು ಕಣಿವೆಯ ಸವಾರರು ಯಾರ ಅಪ್ಪಣೆಗೂ ಕಾಯದೆ ಇದನ್ನು ಶುರುಮಾಡಿದರು. ಕಾಡಿನ ದಾರಿ ಎಲ್ಲರದ್ದು ಎಂದು ಹೇಳುವುದು ಸುಲಭ. ಎಲ್ಲರದ್ದಾದ ಕೆಲಸವನ್ನು ತಮ್ಮದೇ ಎಂದುಕೊಂಡು ಮೊದಲು ಕೈಹಾಕುವವರಿಂದಲೇ ಆ ಮಾತು ನಿಜವಾಗುತ್ತದೆ.